ಎರಡನೇ ರೌಟರ್ ಹಾಕಿಸ್ತೀರಾ? ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಕಲಬುರಗಿಯಲ್ಲಿ ಯಾರಾದ್ರೂ ಮನೆಗೆ ಎರಡನೇ ವೈಫೈ ರೌಟರ್ ಹಾಕಿಸೋ ಯೋಚನೆಯಲ್ಲಿದ್ದರೆ, ಅಂಗಡಿ ಹುಡುಗ ವೈರ್ ಎಳೆದು ಮೊಬೈಲ್‌ನಲ್ಲಿ ಫುಲ್ ಸಿಗ್ನಲ್ ತೋರಿಸಿದ ತಕ್ಷಣ ದುಡ್ಡು ಕೊಟ್ಟು ಕಳಿಸಬೇಡಿ. ರೌಟರ್‌ಗೆ ನೆಟ್ ಬರದಿದ್ದರೂ ಸಿಗ್ನಲ್ ಕಡ್ಡಿ ಪೂರ್ತಿಯಾಗೇ ಕಾಣುತ್ತವೆ.

ನಮ್ಮದು ಬ್ರಹ್ಮಪುರದ ಕಡೆಯ ಹಳೇ ಮನೆ. ಕೆಳಗೆ ದಪ್ಪ ಕಲ್ಲಿನ ಗೋಡೆ, ಮೇಲೆ ಆಮೇಲೆ ಕಟ್ಟಿದ ಆರ್‌ಸಿಸಿ ರೂಮು. ಇಂಥ ಗೋಡೆ ದಾಟೋದು ವೈಫೈಗೆ ಕಷ್ಟ, ವೇಗ ಜಾಸ್ತಿ ಇರೋ 5 ಗಿಗಾಹರ್ಟ್ಸ್ ಸಿಗ್ನಲ್ ಅಂತೂ ಬಾಗಿಲಲ್ಲೇ ನಿಂತುಬಿಡುತ್ತೆ. ಹಾಗಾಗಿ ಮೇಲಕ್ಕೆ ಕೇಬಲ್ ಎಳೆದು ಇನ್ನೊಂದು ರೌಟರ್ ಇಡಬೇಕು ಅಂತ ಅಂಗಡಿಯವರು ಹೇಳಿದ್ದು ಸರಿಯೇ. ಕೆಟ್ಟಿದ್ದು ಕೆಲಸ.

ಮೊದಲ ದಿನ ಎಲ್ಲ ಚೆನ್ನಾಗಿತ್ತು. ಕರೆಂಟ್ ಹೋಗಿ ಬಂತು ನೋಡಿ, ಒಂದು ಫೋನ್‌ಗೆ ನೆಟ್ ಇದೆ, ಇನ್ನೊಂದಕ್ಕೆ ಇಲ್ಲ. ಮುಂಚೆ ಸುಮ್ನೆ ಓಡ್ತಿದ್ದ ಕೆಳಗಿನ ಟಿವಿ ಕೂಡ ಕೈಕೊಟ್ಟಿತು. ಅಂಗಡಿ ಹುಡುಗನಿಗೆ ಫೋನ್ ಮಾಡಿದರೆ "ನಮ್ ಕಡೆ ಏನೂ ಇಲ್ರೀ ಸರ್, ನಿಮ್ ಲೈನ್‌ದೇ ಪ್ರಾಬ್ಲಂ ಅದ" ಅಂದ. ನೆಟ್ ಲೈನ್ ಕೊಟ್ಟ ಕಂಪನಿಯವರು ಬಂದು ನೋಡಿ, ಲೈನ್ ಸರಿ ಅದ ಅಂತ ಹೇಳಿ ಹೋದರು. ಇವರಿಬ್ಬರ ನಡುವೆ ಓಡಾಡಿದ್ದು ನಾವು.

ಆಗಿದ್ದು ಇಷ್ಟು. ಮನೆಯ ಪ್ರತಿ ಫೋನ್, ಟಿವಿಗೆ ರೌಟರ್ ಒಂದು ಐಪಿ ವಿಳಾಸ, ಅಂದ್ರೆ ಗುರುತಿನ ನಂಬರು, ಕೊಡುತ್ತೆ, ಆ ಸೆಟ್ಟಿಂಗ್‌ಗೆ ಡಿಎಚ್‌ಸಿಪಿ ಅಂತಾರೆ. ಅದು ಒಂದೇ ರೌಟರ್‌ನಲ್ಲಿ ಆನ್ ಇರಬೇಕು. ಈ ಪುಣ್ಯಾತ್ಮ ಕೇಬಲ್ಲನ್ನು ಹೊಸ ರೌಟರ್‌ನ ಲ್ಯಾನ್ ಪೋರ್ಟ್‌ಗೆ (ಮನೆಯೊಳಗಿನ ಸಾಧನಗಳಿಗೆ ಇರೋದು) ಚುಚ್ಚಿ ಡಿಎಚ್‌ಸಿಪಿ ಆಫ್ ಮಾಡದೇ ಹೋಗಿದ್ದ. ಕರೆಂಟ್ ಬಂದಾಗ ಎಲ್ಲ ಫೋನ್‌ಗಳೂ ಮತ್ತೆ ವಿಳಾಸ ಕೇಳುತ್ತವೆ, ಯಾವ ರೌಟರ್ ಮೊದಲು ಉತ್ತರ ಕೊಡುತ್ತೋ ಅದನ್ನೇ ನಂಬುತ್ತವೆ. ಹೊಸದನ್ನು ನಂಬಿದ ಫೋನ್ ನೆಟ್‌ಗೆ ಅದರ ಹತ್ತಿರವೇ ಹೋಗುತ್ತೆ, ಹೊರಗಿನ ನೆಟ್ ಬರಬೇಕಾದ ಅದರ ವ್ಯಾನ್ ಪೋರ್ಟ್ ಖಾಲಿ. ಇನ್ನೆಲ್ಲಿಯ ನೆಟ್? ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ, ಅಂದ್ರೆ ಫೋನ್ ಯಾವ ರೌಟರ್ ಮೂಲಕ ನೆಟ್‌ಗೆ ಹೋಗುತ್ತೋ ಅದರ ವಿಳಾಸ, ನೋಡಿದರೆ ಗೊತ್ತಾಗುತ್ತೆ: ಸರಿಯಿದ್ದ ಫೋನ್‌ನಲ್ಲಿ ಹಳೇ ರೌಟರ್‌ನ 192.168.1.1, ಕೆಟ್ಟಿದ್ದರಲ್ಲಿ ಹೊಸದರ 192.168.0.1.

ಲ್ಯಾನ್‌ಗೆ ಲ್ಯಾನ್ ಕೊಟ್ಟರೆ ಎರಡನೆಯದರ ಡಿಎಚ್‌ಸಿಪಿ ಆಫ್ ಮಾಡಿ, ಅದರ ಐಪಿಯನ್ನು 192.168.1.2 ಥರ ಮೊದಲನೆಯದರ ಸಾಲಿನಲ್ಲೇ ಬೇರೆಯದಾಗಿ ಇಡಬೇಕು. ಆಕ್ಸೆಸ್ ಪಾಯಿಂಟ್ ಮೋಡ್ (ಬರೀ ವೈಫೈ ಹಂಚೋ ಸೆಟ್ಟಿಂಗ್) ಇದ್ದರೆ ಅದನ್ನು ಒತ್ತಿದರೆ ಸಾಕು, ಇದೆಲ್ಲ ಅದೇ ನೋಡಿಕೊಳ್ಳುತ್ತೆ. ಎರಡರ ಸಿಗ್ನಲ್ ಒಂದಕ್ಕೊಂದು ಅಡ್ಡ ಬರದಂತೆ 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಡಿಸಿ.

ಕೇಬಲ್ ಕಥೆ ಇನ್ನೂ ಚೆಂದ. 200 ಎಂಬಿಪಿಎಸ್ ಪ್ಲಾನ್, ಮೇಲೆ ಮಾತ್ರ 90 ದಾಟಲ್ಲ. ಮೆಟ್ಟಿಲ ಪಕ್ಕದ ಕರಿ ಟೇಪ್ ಬಿಚ್ಚಿದರೆ, ಎಂಟು ಎಳೆಯಲ್ಲಿ ನಾಲ್ಕನ್ನು ಫ್ಯಾನ್ ವೈರ್ ಥರ ಹೊಸೆದು ಉಳಿದ ನಾಲ್ಕನ್ನು ಹಾಗೇ ಬಿಟ್ಟಿದ್ದಾನೆ. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು, ನಾಲ್ಕರಲ್ಲಿ 100ಕ್ಕೇ ನಿಲ್ಲುತ್ತೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ, ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ದುಡ್ಡು ತಗೊಂಡಿದ್ದು ಮಾತ್ರ ಅಸಲಿ ತಾಮ್ರದ್ದು! ಮಾಳಿಗೆ ಮೇಲೆ ಬಿಸಿಲಿಗೆ ಹಾಯುವ ಕಡೆಯೂ ಮನೆಯೊಳಗಿನ ಕೇಬಲ್ಲೇ ಹಾಕಿದ್ದಾನೆ, ನಮ್ಮ ಕಡೆಯ ಬೇಸಿಗೆಗೆ ಅದರ ಸಿಪ್ಪೆ ಎಷ್ಟು ದಿನ ತಡೆಯುತ್ತೆ ಹೇಳಿ. ಹೊರಗೆ ಹಾಕೋ ಕೇಬಲ್ ಬೇರೆಯೇ ಸಿಗುತ್ತೆ, ಅದನ್ನೇ ಕೇಳಿ.

ವೈಫೈ ಪಾಸ್‌ವರ್ಡ್ 12345678. ರೌಟರ್ ಸೆಟ್ಟಿಂಗ್ ಒಳಗೆ ಹೋಗೋಕೆ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಪಕ್ಕದ ಮನೆ ಹುಡುಗರಿಗೆ ಇಷ್ಟು ಸಾಕಲ್ವಾ?

ಹಾಗಾಗಿ ದುಡ್ಡು ಕೊಡೋ ಮುಂಚೆ ಎರಡೂ ರೌಟರ್ ಆಫ್ ಮಾಡಿ, ಮತ್ತೆ ಆನ್ ಮಾಡಿ, ಮನೆಯ ಎಲ್ಲ ಫೋನ್‌ನಲ್ಲೂ ನೆಟ್ ಬರುತ್ತಾ ನೋಡಿ. ಮೇಲೆ ಹೋಗಿ ಸ್ಪೀಡ್ ಟೆಸ್ಟ್ ಮಾಡಿ. ಬಿಲ್ಲಿನಲ್ಲಿ ಕೇಬಲ್ ಯಾವುದು ಅಂತ ಬರೆಸಿಕೊಳ್ಳಿ. ನಮಗೆ ಬಿಲ್ ಇದ್ದರೂ ಅದರಲ್ಲಿ "ವೈರ್" ಅಂತಷ್ಟೇ ಇತ್ತು, ಅದಕ್ಕೇ ಕತ್ತರಿಸಿದ ವೈರ್ ವಾಪಸ್ ತಗೊಳ್ಳಲ್ಲ ಅಂತ ಅಂಗಡಿಯವರು ಕೈ ಎತ್ತಿದರು.