ಮೂರು ವರ್ಷ ಬಳಸಿದ ಲ್ಯಾಬ್ ಸ್ಕ್ಯಾನರ್: ಯಂತ್ರ ಚೆನ್ನಾಗಿದೆ, ಸರ್ವಿಸ್ ಬಗ್ಗೆ ಮಾತ್ರ ಕೇಳಬೇಡಿ

ನಮ್ಮ ಡೆಂಟಲ್ ಲ್ಯಾಬ್‌ನಲ್ಲಿ ಟೇಬಲ್ ಮೇಲಿಡುವ ಸ್ಕ್ಯಾನರ್ ಒಂದಿದೆ, ಹಲ್ಲಿನ ಪ್ಲಾಸ್ಟರ್ ಅಚ್ಚನ್ನು (ಮಾಡೆಲ್) ಅಳೆದು ಕಂಪ್ಯೂಟರ್‌ಗೆ ಕೊಡುವಂಥದ್ದು. ನೀಲಿ ಬೆಳಕು, ಎರಡು ಕ್ಯಾಮೆರಾ, ಮಾಡೆಲ್ ಅನ್ನು ತಿರುಗಿಸಿ ಓರೆ ಮಾಡುವ ತಟ್ಟೆ. ತಗೊಂಡು ಮೂರು ವರ್ಷ ಆಯಿತು. ಕಂಪನಿಯ ಹೆಸರು ಹೇಳಲ್ಲ. ಸರ್ವಿಸ್ ವಿಷಯದ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ, ಅದೂ ಅಲ್ಲದೆ ಇಲ್ಲಿ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಯಾರ ಸ್ಕ್ಯಾನರ್‌ಗಾದರೂ ಹೊಂದುತ್ತದೆ.

ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ವೇಗ ಚೆನ್ನಾಗಿದೆ, ಡೈ (ಒಂದೇ ಹಲ್ಲಿನ ಅಚ್ಚು) ಮೇಲಿನ ಮಾರ್ಜಿನ್ (ಕ್ರೌನ್ ಎಂಬ ಹಲ್ಲಿನ ಟೋಪಿ ಬಂದು ಕೂರುವ ಅಂಚು) ಚೂಪಾಗಿ ಕಾಣುತ್ತದೆ, ಫೈಲ್ ಮಾಮೂಲಿ ಎಸ್‌ಟಿಎಲ್ (ಬೇರೆ ಕಂಪನಿಯ ಸಾಫ್ಟ್‌ವೇರ್‌ನಲ್ಲೂ ತೆರೆಯುವ 3ಡಿ ಫೈಲ್) ಆಗಿ ಹೊರಗೆ ಬರುತ್ತದೆ, ಬೀಗ ಗೀಗ ಏನಿಲ್ಲ. ಕೊಳ್ಳುವಾಗ ಈ ಕೊನೆಯದಕ್ಕೆ ನಾವು ಅಷ್ಟು ಬೆಲೆ ಕೊಟ್ಟಿರಲಿಲ್ಲ. ಆಮೇಲೆ ಕಾಪಾಡಿದ್ದು ಅದೇ.

ಇನ್ನು ಕಾಟದ ವಿಷಯ. ಸ್ಕ್ಯಾನರ್ ಕೆಟ್ಟು ನಿಂತರೆ ತೊಂದರೆ ನಿಜ, ಆದರೆ ನಿಂತಿದೆ ಅಂತ ಗೊತ್ತಾದರೂ ಆಗುತ್ತದಲ್ವಾ. ನಿಲ್ಲದೆ, ಎರರ್ ತೋರಿಸದೆ, ಚೂರೇ ಚೂರು ತಪ್ಪು ಅಳತೆ ಕೊಡುತ್ತಾ ಹೋಗುವ ಸ್ಕ್ಯಾನರ್ ಇದೆಯಲ್ಲ, ಅದರಷ್ಟು ಅಪಾಯ ಬೇರೆ ಇಲ್ಲ. ಎರಡನೇ ವರ್ಷ ನಮಗೆ ಆಗಿದ್ದು ಅದು. ಒಂಟಿ ಕ್ರೌನ್‌ಗಳು ಸರಿಯಾಗಿ ಕೂರುತ್ತಿದ್ದವು. ಹಲವು ಹಲ್ಲುಗಳನ್ನು ಒಂದಾಗಿ ಜೋಡಿಸಿದ ಉದ್ದನೆಯ ಬ್ರಿಡ್ಜ್ ಮಾತ್ರ ಮಾಡೆಲ್ ಮೇಲೆ ಕುಂಟು ಕುರ್ಚಿಯ ಹಾಗೆ ಅಲ್ಲಾಡುತ್ತಿತ್ತು. ಜಿರ್ಕೋನಿಯಾ ಎಂಬ ಸೆರಾಮಿಕ್ ತಾನೇ, ಮಿಲ್ಲಿಂಗ್‌ನಲ್ಲಿ ಶೇಕಡಾ 20–25 ದೊಡ್ಡದಾಗಿ ಕೊರೆದು ಆಮೇಲೆ ಸುಮಾರು 1500 ಡಿಗ್ರಿಯಲ್ಲಿ ಕುಗ್ಗಿಸುವ ಸಾಮಾನು, ಆದ್ದರಿಂದ ಎಲ್ಲರ ಬೆರಳೂ ಮಿಲ್ಲಿಂಗ್ ಮಷಿನ್ ಮತ್ತು ಫರ್ನೇಸ್ ಕಡೆಗೇ ಹೋಯಿತು. ಕೊರೆಯುವ ಬರ್ ಬದಲಿಸಿದೆವು, ಜಿರ್ಕೋನಿಯಾ ಡಿಸ್ಕ್ ಬದಲಿಸಿದೆವು, ಫರ್ನೇಸ್‌ನ ಪ್ರೋಗ್ರಾಂ ನಿಧಾನ ಮಾಡಿದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂರು ವಾರ ಆದ ಮೇಲೆ ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರು ಕ್ಯಾಲಿಬ್ರೇಶನ್ ಪ್ಲೇಟ್ (ಸ್ಕ್ಯಾನರ್‌ನ ಅಳತೆ ಸರಿಪಡಿಸಲು ಒಳಗೆ ಇಡುವ ಚುಕ್ಕಿಗಳ ತಟ್ಟೆ) ಅನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಚುಕ್ಕಿಗಳ ಮೇಲೆ ಹೆಬ್ಬೆರಳಿನ ಗುರುತು, ಪಕ್ಕದಲ್ಲಿ ಪ್ಲಾಸ್ಟರ್ ಪುಡಿಯ ತೆಳು ಪದರ. ನಾವು ತಿಂಗಳು ತಿಂಗಳು ಬಲು ಶ್ರದ್ಧೆಯಿಂದ ಕ್ಯಾಲಿಬ್ರೇಶನ್ ಮಾಡುತ್ತಿದ್ದೆವು. ಕೊಳಕು ಪ್ಲೇಟ್ ಇಟ್ಟುಕೊಂಡು!

ಯಾಕೆ ಹೀಗಾಗುತ್ತದೆ ಅಂದರೆ, ಈ ಸ್ಕ್ಯಾನರ್ ಮಾಡೆಲ್ ಮೇಲೆ ಬೆಳಕಿನ ಪಟ್ಟೆಗಳನ್ನು ಬೀಳಿಸುತ್ತದೆ, ಆ ಪಟ್ಟೆ ಎಲ್ಲಿ ಎಷ್ಟು ಬಾಗಿದೆ ಅಂತ ಕ್ಯಾಮೆರಾಗಳು ಬೇರೆ ಬೇರೆ ಕೋನದಿಂದ ನೋಡುತ್ತವೆ, ಅದರಿಂದ ಆಕಾರ ಲೆಕ್ಕ ಹಾಕುತ್ತದೆ. ಕ್ಯಾಮೆರಾ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅನ್ನೋದು ಅದಕ್ಕೆ ಪಕ್ಕಾ ಗೊತ್ತಿರಬೇಕು. ಅದನ್ನು ಹೇಳಿಕೊಡುವುದೇ ಪ್ಲೇಟ್. ಪಾಠ ಹೇಳುವವರೇ ತಪ್ಪಿದರೆ ಮುಗಿಯಿತು. ಸಣ್ಣ ಕ್ರೌನ್‌ನಲ್ಲಿ ಆ ತಪ್ಪು ಗೊತ್ತಾಗಲ್ಲ, ದವಡೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಬೆಳೆದು ಎದುರಿಗೆ ನಿಲ್ಲುತ್ತದೆ. ಬ್ರೋಶರ್‌ನಲ್ಲಿ ಐಎಸ್‌ಒ 12836 (ಡೆಂಟಲ್ ಸ್ಕ್ಯಾನರ್‌ಗಳ ನಿಖರತೆ ಪರೀಕ್ಷಿಸುವ ಮಾನದಂಡ) ಪ್ರಕಾರ ತಪ್ಪು ಇಷ್ಟೇ ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು) ಅಂತ ದೊಡ್ಡದಾಗಿ ಹಾಕಿರುತ್ತಾರಲ್ಲ, ಅದು ಕ್ಲೀನಾದ ಯಂತ್ರದಲ್ಲಿ ಗೊತ್ತಿರುವ ಆಕಾರದ ತುಂಡನ್ನು ಸ್ಕ್ಯಾನ್ ಮಾಡಿ ತೆಗೆದ ಲೆಕ್ಕ. ಮರಳು ಊದುವ ಸ್ಯಾಂಡ್‌ಬ್ಲಾಸ್ಟರ್ ಪಕ್ಕದಲ್ಲಿ ಮೂರು ವರ್ಷ ಕೂತ ಯಂತ್ರದ ಲೆಕ್ಕ ಅಲ್ಲ. ಕ್ರೌನ್ ಮಾರ್ಜಿನ್‌ನಲ್ಲಿ 120 ಮೈಕ್ರಾನ್‌ವರೆಗೆ ಸಂದು ಇದ್ದರೆ ನಡೆಯುತ್ತದೆ ಅಂತ 1971ರಿಂದ ಹೇಳಿಕೊಂಡು ಬಂದಿದ್ದಾರೆ. ಸ್ಕ್ಯಾನ್, ಮಿಲ್ಲಿಂಗ್, ಫರ್ನೇಸ್ ಎಲ್ಲವೂ ಆ 120ರಲ್ಲೇ ಪಾಲು ಕೇಳುತ್ತವೆ.

ಈಗ ನಾವು ಮಾಡುವುದು ಇಷ್ಟು. ರದ್ದಾದ ಕೇಸ್‌ನ ಕೋಬಾಲ್ಟ್ ಕ್ರೋಮ್ ಬ್ರಿಡ್ಜ್ ಫ್ರೇಮ್ ಒಂದಿತ್ತು, ಸ್ಯಾಂಡ್‌ಬ್ಲಾಸ್ಟ್ ಮಾಡಿ ಹೊಳಪು ತೆಗೆದು ಡಬ್ಬಿಯಲ್ಲಿ ಇಟ್ಟಿದ್ದೇವೆ. ಪ್ಲಾಸ್ಟರ್ ಮಾಡೆಲ್ ಇದಕ್ಕೆ ಆಗಲ್ಲ, ಅಂಚು ಮುಕ್ಕಾಗುತ್ತದೆ. ಪ್ರತಿ ಸೋಮವಾರ ಆ ಫ್ರೇಮ್ ಸ್ಕ್ಯಾನ್ ಮಾಡಿ, ಮೊದಲ ದಿನದ ಸ್ಕ್ಯಾನ್ ಮೇಲೆ ಕೂರಿಸಿ ಬಣ್ಣದ ನಕ್ಷೆ ನೋಡುತ್ತೇವೆ. ಪೂರ್ತಿ ಹಸಿರಿದ್ದರೆ ಎರಡೂ ಹೊಂದಿವೆ ಅಂತ, ಕೆಲಸ ಶುರು. ತುದಿಗಳಲ್ಲಿ ಕೆಂಪೋ ನೀಲಿಯೋ ಕಂಡರೆ ಮೊದಲು ಪ್ಲೇಟ್ ನೋಡಿ, ಆಮೇಲೆ ಕ್ಯಾಲಿಬ್ರೇಶನ್. ಬೆಳಿಗ್ಗೆ ಯಂತ್ರ ಆನ್ ಮಾಡಿದ ಕೂಡಲೇ ಕ್ಯಾಲಿಬ್ರೇಶನ್ ಮಾಡಬೇಡಿ, ಅರ್ಧ ಗಂಟೆ ಬಿಸಿಯಾಗಲಿ. ಬಿಸಿಯಾದಂತೆ ಒಳಗಿನ ಲೋಹ ಹಿಗ್ಗುತ್ತದೆ, ಕ್ಯಾಮೆರಾ ಕೂದಲೆಳೆಗಿಂತ ಕಡಿಮೆ ಸರಿದರೂ ಲೆಕ್ಕ ತಪ್ಪುತ್ತದೆ. ಎಸಿ ಗಾಳಿ ನೇರವಾಗಿ ಬಡಿಯುವ ಜಾಗವೂ ಬೇಡ.

ಧೂಳಿನ ಬಗ್ಗೆ ಒಂದು ಮಾತು. ಕಂಪ್ರೆಸರ್ ಪೈಪ್ ತಂದು ಸ್ಕ್ಯಾನರ್ ಒಳಗೆ ಬುಸ್ ಅಂತ ಊದುವವರನ್ನು ನೋಡಿದ್ದೇನೆ, ನಾವೂ ಊದಿದವರೇ. ಆ ಗಾಳಿಯಲ್ಲಿ ಎಣ್ಣೆ, ನೀರಿನ ಅಂಶ ಇರುತ್ತದೆ, ಪುಡಿ ಹೊರಗೆ ಬರುವ ಬದಲು ಮೂಲೆ ಸೇರುತ್ತದೆ. ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್ ಸಾಕು. ಗಾಜಿನ ಮೇಲೆ ಮೊದಲು ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಊದದೆ ಒರೆಸಿದರೆ ಬ್ಲಾಸ್ಟಿಂಗ್ ಮರಳೇ ಗಾಜು ಗೀರುತ್ತದೆ.

ಸರಿ, ಸರ್ವಿಸ್‌ಗೆ ಬರೋಣ. ಈ ವರ್ಷದ ಶುರುವಿನಲ್ಲಿ ತಟ್ಟೆ ಓರೆಯಾಗುವಾಗ ಕರಕರ ಸದ್ದು ಬರತೊಡಗಿತು. ಒಂದು ವಾರ ಕೇಳಿಸಿಕೊಂಡು ಸುಮ್ನೆ ಇದ್ದೆವು, ಅದು ನಮ್ಮ ತಪ್ಪು. ಆಮೇಲೆ ಒಂದು ಮಧ್ಯಾಹ್ನ ಅರ್ಧ ಓರೆಯಲ್ಲೇ ನಿಂತುಬಿಟ್ಟಿತು, ಸ್ಕ್ರೀನ್ ಮೇಲೆ ಸ್ಕ್ಯಾನರ್ ಸಿಗುತ್ತಿಲ್ಲ ಅಂತ ಬಂತು. ಫೋನ್ ಮಾಡಿದರೆ ಮೊದಲ ಮಾತು, "ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಮಾಡಿದೆವು. ಕೇಬಲ್ ಬದಲಿಸಿ ಅಂದರು, ಅದೂ ಆಯಿತು. ನಿಜ ಹೇಳಬೇಕೆಂದರೆ ಈ ಎರರ್‌ಗೆ ಎಷ್ಟೋ ಸಲ ಕಾರಣ ಸಡಿಲಾದ ಯುಎಸ್‌ಬಿ ಕೇಬಲ್, ಇಲ್ಲವೇ ವಿದ್ಯುತ್ ಉಳಿಸಲು ವಿಂಡೋಸ್ ತಾನೇ ಆ ಪೋರ್ಟ್ ಮಲಗಿಸುವುದು, ಆದ್ದರಿಂದ ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಕರಕರ ಸದ್ದು ಬರುತ್ತಿದೆ ಅಂತ ನಾಲ್ಕು ಸಲ ಹೇಳಿದ ಮೇಲೂ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ ಅಂದರಲ್ಲ, ಅಲ್ಲಿ ಸಿಟ್ಟು ಬಂತು. ಹಾಗೆ ಮಾಡಿದಾಗ ಹಳೆಯ ಕ್ಯಾಲಿಬ್ರೇಶನ್ ಫೈಲ್‌ಗಳೂ ಅಳಿಸಿ ಹೋದವು. ಪ್ಲೇಟ್‌ನ ಫೈಲ್ ಪ್ಲೇಟ್‌ಗೆ ತಕ್ಕಂತೆ ಬೇರೆ ಬೇರೆ ಇರುತ್ತದೆ, ನಮ್ಮದು ಎಲ್ಲೂ ನಕಲು ಇರಲಿಲ್ಲ. ಕಂಪನಿಯಿಂದ ಮತ್ತೆ ತರಿಸಬೇಕಾಯಿತು. ಆ ಫೋಲ್ಡರ್ ಇವತ್ತೇ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.

ಕೊನೆಗೆ ಯಂತ್ರವನ್ನೇ ಕಳಿಸಿ ಅಂದರು. ಯಾವ ಬಾಕ್ಸ್‌ನಲ್ಲಿ? ಬಂದಾಗಿನ ಫೋಮ್ ಬಾಕ್ಸ್ ಅನ್ನು ಜಾಗ ಸಾಲದು ಅಂತ ಎಂದೋ ಎಸೆದಿದ್ದೆವು. ಖಾಲಿ ಬಾಕ್ಸ್ ಬರಲಿಕ್ಕೇ ಮೂರು ದಿನ. ಸರ್ವಿಸ್ ಕಾಂಟ್ರಾಕ್ಟ್‌ನಲ್ಲಿ ಬದಲಿ ಯಂತ್ರ ಕೊಡುತ್ತೇವೆ ಅಂತಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ "ಲಭ್ಯವಿದ್ದರೆ" ಅಂತಲೂ ಇತ್ತು. ಲಭ್ಯ ಇರಲಿಲ್ಲ.

ಒಟ್ಟು 11 ದಿನ. ಕ್ಲಿನಿಕ್‌ನಲ್ಲೇ ಬಾಯಿಯೊಳಗೆ ಸ್ಕ್ಯಾನ್ ಮಾಡಿ ಕಳಿಸುವ ಡಾಕ್ಟರ್‌ಗಳ ಕೇಸ್ ಏನೂ ನಿಲ್ಲಲಿಲ್ಲ, ಅವು ನೇರ ಫೈಲ್ ಆಗಿಯೇ ಬರುತ್ತವೆ. ಪ್ಲಾಸ್ಟರ್ ಮಾಡೆಲ್‌ಗಳನ್ನು ಪರಿಚಯದ ಇನ್ನೊಂದು ಲ್ಯಾಬ್‌ಗೆ ಹೊತ್ತುಕೊಂಡು ಹೋದೆವು. ಅವರದು ಬೇರೆ ಕಂಪನಿಯ ಸ್ಕ್ಯಾನರ್, ಆದರೂ ಎಸ್‌ಟಿಎಲ್ ಆದ್ದರಿಂದ ನಮ್ಮ ಡಿಸೈನ್ ಸಾಫ್ಟ್‌ವೇರ್ ಎಕ್ಸೋಕ್ಯಾಡ್‌ನಲ್ಲಿ ಆರಾಮಾಗಿ ತೆರೆಯಿತು. ದಾರಿಯಲ್ಲಿ ಎರಡು ಡೈ ಮುಕ್ಕಾದವು, ಡಾಕ್ಟರ್ ಹತ್ತಿರ ಅಳತೆ ಮತ್ತೆ ಕೇಳಬೇಕಾಯಿತು. ತುರ್ತಿನ ಒಂಟಿ ಕ್ರೌನ್‌ಗಳನ್ನು ನಮ್ಮ ಹಿರಿಯರು ಮೇಣದಲ್ಲಿ ಕೈಯಿಂದಲೇ ಮಾಡಿದರು. ಹೊಸ ಹುಡುಗರು ಸುತ್ತ ನಿಂತು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡಿದ್ದೇ ಮಾಡಿಕೊಂಡಿದ್ದು. ಡಾಕ್ಟರ್‌ಗಳಿಗೆ ಮೊದಲ ದಿನವೇ ಫೋನ್ ಮಾಡಿ ವಿಷಯ ಹೇಳಿದ್ದೆವು, ಒಬ್ಬರು ಬಿಟ್ಟರೆ ಯಾರೂ ಬೈಯಲಿಲ್ಲ.

ಯಂತ್ರಕ್ಕೆ 5ಕ್ಕೆ 4 ಕೊಡುತ್ತೇನೆ. ಸರ್ವಿಸ್‌ಗೆ 2, ಅದೂ ಕೊನೆಗೆ ರಿಪೇರಿ ಮಾಡಿದವರು ಮೋಟಾರ್ ಜೊತೆ ಸವೆದ ಗೇರ್ ಅನ್ನೂ ಕೇಳದೆಯೇ ಬದಲಿಸಿ, ಹಳೆಯದನ್ನು ಕವರ್‌ನಲ್ಲಿ ಹಾಕಿ ಕಳಿಸಿದ್ದಕ್ಕೆ. ಕೊಳ್ಳುವವರು ಮೈಕ್ರಾನ್ ಕೇಳುವ ಮೊದಲು ಬದಲಿ ಯಂತ್ರ ಎಷ್ಟು ದಿನದಲ್ಲಿ ಬರುತ್ತದೆ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ. ಹೊಸ ಫೋಮ್ ಬಾಕ್ಸ್ ಈಗ ಫರ್ನೇಸ್ ರೂಮಿನ ಅಟ್ಟದ ಮೇಲಿದೆ, ಜಾಗ ಸಾಲದು ಅಂತ ಈಗಲೂ ಎಲ್ಲರೂ ಗೊಣಗುತ್ತಾರೆ.