ರ‍್ಯಾಮ್ ಒಂದು 16 ಜಿಬಿ ಸ್ಟಿಕ್ಕಾ, ಎರಡು 8 ಜಿಬಿನಾ? ಗದಗಿನ ನಮ್ಮ ಪ್ರೆಸ್ಸಿನಲ್ಲಿ ಹಾಕಿ ನೋಡಿದ್ದು

ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಬರವಿಲ್ಲ. ನಮ್ಮದೂ ಅಂಥದ್ದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಜಾತ್ರೆ ಪೋಸ್ಟರ್, ಮದುವೆ ಆಲ್ಬಮ್, ಎಲ್ಲ ಡಿಸೈನೂ ಒಂದೇ ಕಂಪ್ಯೂಟರಿನಲ್ಲಿ ಆಗಬೇಕು. ರೈಜೆನ್ 5 5600ಜಿ ಪ್ರೊಸೆಸರ್, ಡಿಡಿಆರ್4 ಥರದ ರ‍್ಯಾಮ್ (ಕೆಲಸ ನಡೆಯುವಾಗ ಕಂಪ್ಯೂಟರ್ ಬಳಸುವ ಮೆಮೊರಿ) ಹಾಕುವ ನಾಲ್ಕು ಸ್ಲಾಟಿನ ಬೋರ್ಡ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಈ ಕೊನೆಯ ಮಾತು ಮುಖ್ಯ. ಕಾರ್ಡ್ ಇಲ್ಲದಿದ್ದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಕೆಲಸಕ್ಕೂ ಇದೇ ರ‍್ಯಾಮ್ ಬೇಕು.

ಹುಬ್ಬಳ್ಳಿಯಲ್ಲಿ ಅಂಗಡಿಯವರು ಕೊಟ್ಟ ಸಲಹೆ: "ಸರ, ಈಗ ಒಂದ 16 ಜಿಬಿ ಹಾಕ್ರಿ, ಮುಂದ ಬೇಕಾದ್ರ ಇನ್ನೊಂದು ಹಾಕಬಹುದು." ಮಾತೇನೋ ಸರಿ. ಆದರೆ ಆ "ಮುಂದ" ಬರುವವರೆಗೂ ರ‍್ಯಾಮ್ ಅರ್ಧ ಸಾಮರ್ಥ್ಯದಲ್ಲೇ ಓಡುತ್ತದೆ. ಹೇಗೆ ಅಂತ ಹೇಳುತ್ತೇನೆ.

3200 ವೇಗದ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. ಅದೇ ವೇಗದ ಎರಡನ್ನು ಬೇರೆ ಬೇರೆ ಚಾನೆಲ್ಲಿಗೆ (ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ದಾರಿಗೆ) ಹಾಕಿದರೆ 51.2. ನನಗೆ ಅಚ್ಚರಿಯಾದದ್ದು ಬೇರೆ. ಎರಡು ಸ್ಟಿಕ್ ಬರೀ 2400ರಲ್ಲಿ ಓಡಿದರೂ 38.4 ಆಗುತ್ತದೆ. ಅಂದರೆ ಪೂರ್ತಿ ವೇಗದ ಒಂಟಿ ಸ್ಟಿಕ್ಕಿಗಿಂತ ಜಾಸ್ತಿ!

ಎರಡೂ ಥರ ಹಾಕಿ ಕೆಲಸ ಮಾಡಿದೆ. ಫೋಟೋಶಾಪಿನಲ್ಲಿ ಆಲ್ಬಮ್ ಹಾಳೆ ತೆರೆದು ಝೂಮ್ ಮಾಡಿ ಎಳೆದಾಡಿದಾಗ ಒಂಟಿ ಸ್ಟಿಕ್ಕಿನಲ್ಲಿ ಚಿತ್ರ ತಡವರಿಸುತ್ತಿತ್ತು. ಜೋಡಿಯಲ್ಲಿ ಕೈ ಹೋದ ಕಡೆ ಬರುತ್ತದೆ. ಅಣ್ಣನ ಮಗ ಭಾನುವಾರ ಬಂದು ಗೇಮ್ ಆಡುತ್ತಾನೆ. ಅವನಿಗೆ ನಾನೇನೂ ಹೇಳಿರಲಿಲ್ಲ, "ಕಾಕಾ, ಹೊಸಾ ಕಾರ್ಡ್ ಹಾಕಿಸೀರೇನು?" ಅಂತ ಕೇಳಿದ. ಕೋರೆಲ್‌ಡ್ರಾದಲ್ಲಿ ಪತ್ರಿಕೆಯ ಅಕ್ಷರ ಜೋಡಿಸುವಾಗ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ನಿಮ್ಮದು ಬರೀ ಅಂಥ ಕೆಲಸವಾದರೆ ಒಂಟಿ ಸ್ಟಿಕ್ಕೂ ನಡೆಯುತ್ತದೆ.

ಜೋಡಿ ಹಾಕುವಾಗ ಸ್ಲಾಟ್ ನೋಡಿ ಹಾಕಿ. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಸಾಮಾನ್ಯವಾಗಿ ಎರಡನೆಯದು ಮತ್ತು ನಾಲ್ಕನೆಯದು. ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಪಕ್ಕಪಕ್ಕದ ಮೊದಲೆರಡಕ್ಕೆ ಹಾಕಿದರೆ ಎರಡೂ ಒಂದೇ ಚಾನೆಲ್ಲಿಗೆ ಬಿದ್ದು, ಕೊಟ್ಟ ದುಡ್ಡು ದಂಡ. ಪವರ್ ವೈರ್ ಕಿತ್ತು, ಸ್ಟಿಕ್ಕಿನ ಕಚ್ಚು ಸ್ಲಾಟಿಗೆ ಸರಿಯಾಗಿ ಕೂರುವ ಹಾಗೆ ನೋಡಿ, ಟಕ್ ಅನ್ನುವವರೆಗೆ ನೇರವಾಗಿ ಒತ್ತಬೇಕು.

ಇನ್ನು ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಡಬ್ಬಿಯ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್. ಡಬ್ಬಿಯ ಮೇಲೆ 3200 ಅಂತ ಬರೆದಿದ್ದರೂ ನಮ್ಮಲ್ಲಿ ಅದು 2400ಕ್ಕೇ ನಿಂತಿತ್ತು. ಕಂಪ್ಯೂಟರ್ ಆನ್ ಆಗುವಾಗಲೇ ಡಿಲೀಟ್ ಒತ್ತಿ ಬಯಾಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗಿನ ಪುಟಕ್ಕೆ) ಹೋಗಿ ಎಕ್ಸ್‌ಎಂಪಿ ಆನ್ ಮಾಡಬೇಕು. ಕೆಲವು ಎಎಂಡಿ ಬೋರ್ಡುಗಳಲ್ಲಿ ಅದಕ್ಕೆ ಡಿಓಸಿಪಿ ಅನ್ನುತ್ತಾರೆ. ಸೇವ್ ಮಾಡಿದ ಮೇಲೆ ಪರದೆ ಸ್ವಲ್ಪ ಹೊತ್ತು ಕಪ್ಪಾಗಿರುತ್ತದೆ, ಗಾಬರಿ ಬೇಡ. ಎಷ್ಟು ಹೊತ್ತಾದರೂ ಬರದಿದ್ದರೆ, ಪವರ್ ವೈರ್ ಕಿತ್ತು, ಬೋರ್ಡಿನ ದುಂಡನೆ ಸೆಲ್ಲನ್ನು ಕೆಲ ನಿಮಿಷ ತೆಗೆದಿಟ್ಟು ಹಾಕಿ. ಹಳೆಯ ಸೆಟ್ಟಿಂಗಿಗೆ ಮರಳುತ್ತದೆ. ವಿಂಡೋಸ್ ಬಂದ ಮೇಲೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ವೇಗ ಕಾಣುತ್ತದೆ. ರಾತ್ರಿ ಪ್ರೆಸ್ ಮುಚ್ಚುವಾಗ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ ಹೋಗುವುದು ಒಳ್ಳೆಯದು. ಒಂದೇ ಒಂದು ಎರರ್ ಬಂದರೂ ಆ ವೇಗ ಬೇಡ. ಗಿರಾಕಿಯ ಫೈಲ್ ಕೆಟ್ಟರೆ ಉತ್ತರ ಹೇಳಬೇಕಾದವರು ನಾವು ಅಲ್ವಾ?

ಡಬ್ಬಿಯ ಮೇಲಿನ ಸಿಎಲ್ ಅಂದರೆ ಕೇಳಿದ್ದನ್ನು ಕೊಡುವ ಮೊದಲು ರ‍್ಯಾಮ್ ಎಷ್ಟು ಸುತ್ತು ಕಾಯುತ್ತದೆ ಅನ್ನುವ ಲೆಕ್ಕ. 3200ರ ಸಿಎಲ್16, 3600ರ ಸಿಎಲ್18 ಎರಡರಲ್ಲೂ ಕಾಯುವ ಹೊತ್ತು 10 ನ್ಯಾನೋಸೆಕೆಂಡೇ. ಹಾಗೆಯೇ ಬರೀ ಅಂದಕ್ಕೆ ದೀಪ ಮಿನುಗುವ ಸ್ಟಿಕ್ಕಿಗೆ ಸುಮ್ನೆ ಜಾಸ್ತಿ ಕೊಡಬೇಡಿ.

ಆದರೆ ಜಾಗವೇ ಸಾಲದಿದ್ದರೆ ವೇಗದ ಮಾತೇ ಬರುವುದಿಲ್ಲ. ದೊಡ್ಡ ಬ್ಯಾನರ್, ಆಲ್ಬಮ್, ಬ್ರೌಸರ್ ಮೂರೂ ತೆರೆದಿದ್ದಾಗ 16 ಜಿಬಿ ತುಂಬಿ, ವಿಂಡೋಸ್ ಡಿಸ್ಕಿಗೆ ಕೈ ಚಾಚುತ್ತದೆ. ಆಗ ಜೋಡಿಯೂ ಕುಂಟುತ್ತದೆ. ಲಗ್ನದ ಸೀಸನ್ನಿನಲ್ಲಿ ನಮಗೆ ಇದೇ ಕಾಟ. ಹಾಗಾಗಿ ಈಗಿರುವ ಜೋಡಿಯನ್ನು ಬಿಲ್ಲಿಂಗ್ ಕಂಪ್ಯೂಟರಿಗೆ ಹಾಕಿ, ಇದಕ್ಕೆ ಒಂದೇ ಪ್ಯಾಕಿನಲ್ಲಿ ಬರುವ ಎರಡು 16 ಜಿಬಿ, 3200, ಸಿಎಲ್16 ತರಿಸುತ್ತಿದ್ದೇನೆ.