ಮೇಲ್ಭಾಗ ಕಳಚುವ ಬೆಕ್ಕಿನ ಕ್ಯಾರಿಯರ್: ಕಲಬುರಗಿಯಲ್ಲಿ ಕೆಲವು ವರ್ಷ ಬಳಸಿದ ಮೇಲೆ

ವಿಶೇಷ ಆರೈಕೆ ಬೇಕಾದ ಬೆಕ್ಕು ಮನೆಯಲ್ಲಿದ್ದರೆ ಜಿಪ್ ಇರುವ ಬಟ್ಟೆಯ ಚೀಲಕ್ಕೆ ದುಡ್ಡು ಹಾಕಬೇಡಿ. ಮೇಲರ್ಧ ಪೂರ್ತಿ ಕಳಚಿ ಬರುವ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರನ್ನೇ ಕೊಳ್ಳಿ. ಇದಕ್ಕೆ ಹೆಚ್ಚು ಬೆಲೆ, ಹೊರಲು ಭಾರ, ಒಂದು ದೊಡ್ಡ ದೋಷವೂ ಇದೆ. ಆದರೂ ಇದನ್ನೇ ಹೇಳುತ್ತೇನೆ.

ನಮ್ಮ ಮುನ್ನಿಗೆ ಮರಿಯಾಗಿದ್ದಾಗಲೇ ಕಣ್ಣಿಗೆ ಸೋಂಕು ತಗುಲಿ ದೃಷ್ಟಿ ಹೋಗಿದೆ. ಕೆಂಚನಿಗೆ ಹುಟ್ಟಿನಿಂದಲೇ ಕಿರುಮೆದುಳು ಸರಿಯಾಗಿ ಬೆಳೆದಿಲ್ಲ. ನಡೆಯುವಾಗ ಓಲಾಡುತ್ತಾನೆ, ಬಟ್ಟಲಿಗೆ ಬಾಯಿ ಹಾಕುವಾಗ ತಲೆ ನಡುಗುತ್ತದೆ. ತಾಯಿ ಬೆಕ್ಕಿಗೆ ಬಸಿರಿನಲ್ಲಿ ಪ್ಯಾನ್‌ಲ್ಯುಕೋಪೇನಿಯಾ ವೈರಸ್ ತಗುಲಿದರೆ ಮರಿಗಳಿಗೆ ಹೀಗಾಗುತ್ತದೆ. ಇದರಿಂದ ನೋವಿಲ್ಲ, ವಯಸ್ಸಿನೊಂದಿಗೆ ಉಲ್ಬಣಿಸುವುದೂ ಇಲ್ಲ. ನಯಗೊಳಿಸಿದ ಶಹಾಬಾದ್ ಕಲ್ಲಿನ ನೆಲವೊಂದೇ ಅವನಿಗೆ ವೈರಿ. ಅದಕ್ಕೇ ಮನೆ ತುಂಬ ಜಮಖಾನ ಹಾಸಿದ್ದೇವೆ.

ಚಿಕಿತ್ಸಾಲಯದ ಸ್ಟೀಲ್ ಮೇಜು ಅವನ ಪಾಲಿಗೆ ಆ ಕಲ್ಲಿಗಿಂತಲೂ ಕೆಟ್ಟದ್ದು. ಕಾಲು ಊರಲಾಗದೆ ನಾಲ್ಕೂ ಕಡೆ ಜಾರುತ್ತವೆ, ಗಾಬರಿಯಲ್ಲಿ ನಡುಕ ಇನ್ನಷ್ಟು ಹೆಚ್ಚುತ್ತದೆ. ಈ ಕ್ಯಾರಿಯರ್ ತಂದ ಮೇಲೆ ಅವನು ಆ ಮೇಜಿನ ಮೇಲೆ ಕಾಲಿಡುವ ಪ್ರಸಂಗವೇ ಬಂದಿಲ್ಲ. ಪಕ್ಕದ ಕ್ಲಿಪ್‌ಗಳನ್ನು ಬಿಚ್ಚಿ ಮೇಲರ್ಧ ಎತ್ತಿದರೆ ಕೆಳಗಿನದು ತೊಟ್ಟಿಲಿನಂತೆ ಉಳಿಯುತ್ತದೆ. "ಹೊರಗೆ ತೆಗೆಯಬೇಡಿ ಅಮ್ಮಾ, ಅಲ್ಲೇ ಇರಲಿ" ಎಂದು ಡಾಕ್ಟರ್ ತಾವೇ ಬಗ್ಗಿ ಎದೆಬಡಿತ ಕೇಳುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ, ಜ್ವರ ನೋಡುತ್ತಾರೆ, ಹಿಂಗಾಲಿನಿಂದ ರಕ್ತವನ್ನೂ ತೆಗೆಯುತ್ತಾರೆ. ಕೆಂಚ ಗಟ್ಟಿ ಗೋಡೆಗೆ ಮೈ ಆನಿಸಿಕೊಂಡು ಕೂತಿರುತ್ತಾನೆ. ಬಟ್ಟೆಯ ಚೀಲದಲ್ಲಿ ಈ ಆಸರೆ ಸಿಗುವುದಿಲ್ಲ, ಅದು ಒಳಕ್ಕೇ ಕುಸಿಯುತ್ತದೆ.

ಇದು ಬರೀ ನೆಮ್ಮದಿಯ ಮಾತಲ್ಲ. ಹೆದರಿದ ಬೆಕ್ಕಿನ ಎದೆಬಡಿತ, ರಕ್ತದೊತ್ತಡ ಏರುತ್ತವೆ, ರಕ್ತದಲ್ಲಿ ಸಕ್ಕರೆಯೂ ಏರುತ್ತದೆ. ಮಧುಮೇಹ ಇಲ್ಲದ ಬೆಕ್ಕಿಗೆ ಮಧುಮೇಹದ ಅನುಮಾನ ಹುಟ್ಟುವುದು ಇದರಿಂದಲೇ. ಬೆಕ್ಕಿನ ಸಹಜ ಉಷ್ಣಾಂಶ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಗುದ್ದಾಡಿ ಹಿಡಿದು ಅಳೆದರೆ ಅದೂ ಹೆಚ್ಚೇ ತೋರಿಸೀತು. ನಿಜವಾದ ಅಂಕಿಗಳು ಬೇಕಿದ್ದರೆ ಬೆಕ್ಕು ಶಾಂತವಾಗಿರಬೇಕು.

ಮುನ್ನಿಯ ಲೋಕವೆಂದರೆ ವಾಸನೆ ಮತ್ತು ಸದ್ದು. ಹಾಗಾಗಿ ಕ್ಯಾರಿಯರನ್ನು ಅಟ್ಟದ ಮೇಲೆ ಇಡುವುದೇ ಇಲ್ಲ. ಮೇಲರ್ಧ ತೆಗೆದು ಪಡಸಾಲೆಯ ಮೂಲೆಯಲ್ಲಿ ಇಟ್ಟಿದ್ದೇವೆ, ಮಧ್ಯಾಹ್ನದ ನಿದ್ದೆಗೆ ಅದೇ ಅವಳ ಹಾಸಿಗೆ. ಅಂಚಿಗೆ ಕೆನ್ನೆ ಉಜ್ಜಿ ಉಜ್ಜಿ ತನ್ನ ವಾಸನೆ ಹಚ್ಚಿದ್ದಾಳೆ. ತಳದಲ್ಲಿ ಜಾರದ ರಬ್ಬರ್ ಹಾಸು, ಅದರ ಮೇಲೆ ಅವ್ವನ ಹಳೆಯ ಕೌದಿಯ ತುಂಡು. ತಪಾಸಣೆಗೆ ಹೊರಡುವಾಗ ಕೌದಿ ಒಗೆಯುವುದಿಲ್ಲ, ಅವಳಿಗೆ ಗೊತ್ತಿರುವ ವಾಸನೆ ಹೋಗಬಾರದು. ಕೆಂಚನಿಗಾದರೆ ಎರಡೂ ಬದಿಗೆ ಸುತ್ತಿದ ಟವೆಲ್ ಇಡಬೇಕು. ತೀರ ದೊಡ್ಡ ಕ್ಯಾರಿಯರ್ ಕೊಂಡರೆ ಇಂಥ ಬೆಕ್ಕು ಒಳಗೇ ಉರುಳಾಡುತ್ತದೆ. ಎದ್ದು ನಿಂತು ತಿರುಗುವಷ್ಟು ಜಾಗ ಸಾಕು.

ಒಮ್ಮೆ ಮುನ್ನಿಯ ಕಣ್ಣು ಊದಿಕೊಂಡಾಗ ಹುಮನಾಬಾದ್ ದಾಟಿ ಬೀದರ್‌ನ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಇದರಲ್ಲೇ ಕರೆದೊಯ್ದೆವು. 100 ಕಿಲೋಮೀಟರಿಗೂ ಹೆಚ್ಚಿನ ದಾರಿ. ಮುಂದಿನ ಸೀಟಿನ ಹಿಂಬದಿ, ಕಾಲಿಡುವ ಜಾಗದಲ್ಲಿ ಅದು ಅಲುಗಾಡದೆ ಕೂತಿತು. ಸರದಿ ಬರುವ ತನಕ ಅದನ್ನು ನೆಲಕ್ಕಿಡದೆ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ, ಟವೆಲ್ ಹೊದಿಸಿ ಇಟ್ಟುಕೊಂಡೆ. ನಾಯಿಗಳ ಬೊಗಳಾಟದ ನಡುವೆಯೂ ಮುನ್ನಿ ಮುದುಡಿಕೊಂಡು ಸುಮ್ಮನಿದ್ದಳು.

ಬೇಸಿಗೆಯಲ್ಲಿ ಮಾತ್ರ ಈ ಪ್ಲಾಸ್ಟಿಕ್ ಬಲು ಬೇಗ ಕಾಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಬೆಳಿಗ್ಗೆಯ ಮೊದಲ ಸರದಿಯನ್ನೇ ಕೇಳಿ ಪಡೆಯುತ್ತೇನೆ. ಗಾಳಿಕಿಂಡಿಗಳನ್ನು ಬಿಟ್ಟು ಮೇಲ್ಭಾಗಕ್ಕೆ ಒದ್ದೆ ಬಟ್ಟೆ ಹೊದಿಸುತ್ತೇನೆ. ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಅಪಾಯದ ಸೂಚನೆ, ತಡಮಾಡುವಂತಿಲ್ಲ. ಆಟೋದಲ್ಲಿ ಕ್ಯಾರಿಯರ್ ತೊಡೆಯ ಮೇಲಿರಲಿ, ಹಿಡಿಕೆಯೊಂದನ್ನೇ ನಂಬದೆ ತಳಕ್ಕೆ ಕೈ ಕೊಡಿ.

ಸ್ವಚ್ಛ ಮಾಡುವುದು ಬಲು ಸುಲಭ. ದಾರಿಯಲ್ಲಿ ಹೇತರೂ ಸೋಪಿನ ನೀರಲ್ಲಿ ತೊಳೆದರೆ ಆಯಿತು. ದಯವಿಟ್ಟು ಫಿನಾಯಿಲ್ ಮುಟ್ಟಿಸಬೇಡಿ. ಫೀನಾಲ್ ಇರುವ ದ್ರಾವಣಗಳು ಬೆಕ್ಕಿಗೆ ವಿಷ, ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕಿಯೇ ತೀರುತ್ತದೆ.

ಇನ್ನು ಆ ದೊಡ್ಡ ದೋಷ. ಎರಡೂ ಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್‌ಗಳು ನಮ್ಮ ಬಿಸಿಲಿಗೆ ಪೆಡಸಾಗಿ ಒಂದೊಂದೇ ಮುರಿದವು. ಬಿಡಿಭಾಗ ಕೇಳಿದರೆ ತಯಾರಕರು ಹೊಸ ಕ್ಯಾರಿಯರನ್ನೇ ಕೊಳ್ಳಿ ಎಂದರು. ಒಂದು ಕ್ಲಿಪ್ಪಿಗಾಗಿ ಇಡೀ ವಸ್ತುವನ್ನು ಎಸೆಯಿರಿ ಎನ್ನುವುದು ನನಗೆ ಸರಿ ಕಾಣಲಿಲ್ಲ, ಕೋಪವೂ ಬಂತು. ಹಾರ್ಡ್‌ವೇರ್ ಅಂಗಡಿಯಿಂದ ಕೈಯಲ್ಲೇ ತಿರುಗಿಸಬಹುದಾದ ನಟ್ಟು-ಬೋಲ್ಟ್ ತಂದು ಹಾಕಿದೆವು, ಈಗ ಮೊದಲಿಗಿಂತ ಭದ್ರ. ಕೊಳ್ಳುವಾಗಲೇ ಬೋಲ್ಟ್ ಇರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ.

ಎರಡು ಬೆಕ್ಕುಗಳಿದ್ದರೆ ಕ್ಯಾರಿಯರ್ ಎರಡೇ ಬೇಕು. ಆಸ್ಪತ್ರೆಯ ವಾಸನೆ ಹೊತ್ತು ಬಂದ ಕೆಂಚನನ್ನು ಮುನ್ನಿ ಗುರುತಿಸದೆ ಬುಸುಗುಟ್ಟುತ್ತಾಳೆ. ಅಂಥ ದಿನ ಅವನನ್ನು ಬೇರೆ ಕೋಣೆಯಲ್ಲಿ ಬಿಟ್ಟು, ಮನೆಯ ಕೌದಿಯಿಂದ ಮೈ ಒರೆಸಿ, ಸಂಜೆಯ ಹೊತ್ತಿಗೆ ಬಾಗಿಲು ತೆರೆಯುತ್ತೇನೆ.